ನಾಲ್ಕು ಅಂತ ಬರೆದವನು ನಾನೇ

ಅಡಿಸ್ ಅಬಾಬಾದ ನಮ್ಮ ರಾಯಭಾರ ಕಚೇರಿಯಿಂದ ಒಬ್ಬ ಗುಮಾಸ್ತ ಹೇಳದೆ ಕೇಳದೆ ಓಡಿಹೋದ ಎಂದು ಬರೆದವನು ನಾನು. ಆತ ಓಡಿಹೋಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಕೊನೆಯವರೆಗೆ ಕಾಯಿಸಿ ಹೇಳುವಂಥ ಸಾಹಸ ಇದರಲ್ಲಿ ಏನೂ ಇಲ್ಲ. ಬರೆದದ್ದಾದರೂ ಅಕ್ಷರದಲ್ಲಿ ಅಲ್ಲ. ಕಂಪ್ಯೂಟರಿನ ಒಂದು ಚೌಕದೊಳಗೆ ನಾಲ್ಕು ಎಂಬ ಅಂಕಿ ಒತ್ತಿದೆ, ಅಷ್ಟೇ. ಇಲ್ಲಿ ಯಾರ ಹೆಸರನ್ನೂ ಹೇಳುವುದಿಲ್ಲ. ಒಮ್ಮೆ ಹೆಸರು ಬರೆದು ಆದದ್ದು ಸಾಕು.

2010ರ ಆಸುಪಾಸು. ನಾನು ಚಿಕ್ಕೋಡಿಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಸಹಾಯಕನಾಗಿದ್ದೆ. ಪುಣೆಯಲ್ಲಿ ಇತಿಹಾಸ ಕಲಿಸುತ್ತಿದ್ದ, ಮೈಸೂರು ಕಡೆಯ ಒಬ್ಬ ಪ್ರೊಫೆಸರ್ ಮೇಡಂ ದೊಡ್ಡದೊಂದು ಕೆಲಸ ಹಿಡಿದಿದ್ದರು. ಸ್ವಾತಂತ್ರ್ಯ ಬಂದಾಗಿನಿಂದ ಪರದೇಶದ ನಮ್ಮ ಕಚೇರಿಗಳಿಗೆ ಯಾವ ಊರಿನ ಯಾರು ಹೋದರು, ಯಾವ ಹುದ್ದೆಗೆ ಹೋದರು, ಎಂದು ತಲುಪಿದರು, ಎಂದು ಬಿಟ್ಟರು ಎಂಬುದನ್ನೆಲ್ಲ ಒಂದೇ ಕಡೆ ಸೇರಿಸುವುದು. ಬರೀ ರಾಯಭಾರಿಗಳಲ್ಲ, ಟೈಪಿಸ್ಟರು, ಕಾವಲುಗಾರರು, ಅಡುಗೆಯವರು, ಡ್ರೈವರುಗಳು ಎಲ್ಲರೂ. ದೊಡ್ಡವರ ಚರಿತ್ರೆ ದೊಡ್ಡವರೇ ಬರೆದುಕೊಳ್ಳುತ್ತಾರೆ, ಅವರ ಪೆಟ್ಟಿಗೆ ಹೊತ್ತವರದನ್ನು ನಾವಾದರೂ ಬರೆಯೋಣ ಎನ್ನುತ್ತಿದ್ದರು ಮೇಡಂ. ಈ ಮಾತು ನನಗೆ ಬಹಳ ಹಿಡಿಸಿತು. ಗ್ರಂಥಾಲಯದಲ್ಲಿ ಇಪ್ಪತ್ತು ವರ್ಷ ಪುಸ್ತಕಗಳ ಬೆನ್ನಿಗೆ ಚೀಟಿ ಅಂಟಿಸಿದವನು ನಾನು. ಪೆಟ್ಟಿಗೆ ಹೊತ್ತವರ ಪೈಕಿಯೇ.

ಅವರ ಹತ್ತಿರ ಹಳೆಯ ಅಚ್ಚಿನ ಸಿಬ್ಬಂದಿ ಪಟ್ಟಿಗಳಿದ್ದವು. ಅದರಲ್ಲಿ ಚಿಕ್ಕೋಡಿ, ರಾಯಬಾಗ, ಅಥಣಿ ಭಾಗದ ಊರುಗಳು ಬಂದಲ್ಲೆಲ್ಲ ಗುರುತು ಹಾಕಿ ನನಗೆ ಕಳಿಸಿದರು. ನಿಪ್ಪಾಣಿ, ಕಾಗವಾಡ ಆಗ ಇನ್ನೂ ತಾಲೂಕು ಆಗಿರಲಿಲ್ಲ. ಕನ್ನಡ ಮರಾಠಿ ಎರಡೂ ಬರುವ, ಬೈಕಿನ ಮೇಲೆ ಊರೂರು ಸುತ್ತಬಲ್ಲ ಮನುಷ್ಯ ಬೇಕಾಗಿತ್ತು. ರವಿವಾರ ಮತ್ತು ರಜೆಯ ದಿನಗಳಲ್ಲಿ ನಾನು ಹೊರಡುತ್ತಿದ್ದೆ.

ಕೆಲಸದ ಕ್ರಮ ಹೀಗಿತ್ತು. ಒಂದು ನೇಮಕಕ್ಕೆ ಒಂದು ಸಾಲು. ಒಬ್ಬ ಮನುಷ್ಯ ಐದು ದೇಶದಲ್ಲಿ ಇದ್ದರೆ ಐದು ಸಾಲು. ಪ್ರತಿ ಸಾಲಿನಲ್ಲಿ ಹೆಸರು, ತಂದೆಯ ಹೆಸರು, ಹುಟ್ಟಿದ ಊರು, ದರ್ಜೆ, ಕಚೇರಿ ಇದ್ದ ನಗರ, ಬಂದ ದಿನಾಂಕ, ಬಿಟ್ಟ ದಿನಾಂಕ. ಆಮೇಲೆ ಬಿಟ್ಟ ಕಾರಣ, ಅದಕ್ಕೆ ಅಂಕಿ. ಒಂದು ಅಂದರೆ ವರ್ಗಾವಣೆ, ಎರಡು ನಿವೃತ್ತಿ, ಮೂರು ಮರಣ, ನಾಲ್ಕು ಅಂದರೆ ಅಪ್ಪಣೆಯಿಲ್ಲದೆ ಹುದ್ದೆ ಬಿಟ್ಟು ಹೋದದ್ದು. ಏನೂ ಗೊತ್ತಾಗದಿದ್ದರೆ ಒಂಬತ್ತು. ಕೊನೆಯ ಕಾಲಂ ಆಧಾರದ್ದು. ಯಾವ ಕಾಗದ ನೋಡಿ ಬರೆದಿರಿ, ಯಾರು ಹೇಳಿದ್ದನ್ನು ಬರೆದಿರಿ ಎಂಬುದನ್ನು ಅಲ್ಲಿ ತುಂಬಬೇಕು. ಆಧಾರದ ಕಾಲಂ ಖಾಲಿ ಇದ್ದರೆ ಆ ಸಾಲನ್ನು ಮೇಡಂ ಹಾಗೇ ವಾಪಸ್ ಕಳಿಸುತ್ತಿದ್ದರು.

ಮೊದಲ ಆರು ತಿಂಗಳು ನಾನು ಗೆದ್ದವನ ಹಾಗೆ ಓಡಾಡಿದೆ. ಅದಕ್ಕೆ ಕಾರಣ ನಿಪ್ಪಾಣಿಯ ಒಬ್ಬ ಸ್ಟೆನೋ. ಹಳೆಯ ಪಟ್ಟಿಯಲ್ಲಿ ಆಕೆ ಕಾಬೂಲಿನ ತನಕ ಇದ್ದು ಮಾಯವಾಗಿದ್ದರು. ಮುಂದೆ ಬೇರೊಂದು ಹೆಸರಿನ ಸ್ಟೆನೋ ಕೊಲಂಬೋದಲ್ಲಿ ಕಾಣಿಸಿಕೊಂಡಿದ್ದರು. ಮೇಡಂ ಇಬ್ಬರೆಂದೇ ಎಣಿಸಿದ್ದರು. ನಾನು ನೋಡಿದ ಕೂಡಲೇ ನಕ್ಕೆ. ನಮ್ಮ ಕಡೆ ಮದುವೆಯಲ್ಲಿ ಗಂಡ ತಾಟಿನಲ್ಲಿ ಅಕ್ಕಿ ಹರವಿ ಹೆಂಡತಿಗೆ ಹೊಸ ಹೆಸರು ಬರೆಯುತ್ತಾನೆ. ಅಡ್ಡಹೆಸರಷ್ಟೇ ಅಲ್ಲ, ಕರೆಯುವ ಹೆಸರೇ ಬದಲಾಗುತ್ತದೆ. ನಾನೂ ಬರೆದಿದ್ದೇನೆ. ನಿಪ್ಪಾಣಿಗೆ ಹೋಗಿ ಆಕೆಯ ಮಗನಿಂದ ಲಗ್ನಪತ್ರಿಕೆ ತಂದು ಇಬ್ಬರನ್ನೂ ಒಬ್ಬರು ಮಾಡಿದೆ. ಮೇಡಂ ಫೋನಿನಲ್ಲಿ, "ಇಂಥದ್ದು ನಮಗೆ ಹೊಳೆಯೋದೇ ಇಲ್ಲ ನೋಡಿ, ಅದಕ್ಕೇ ಆ ಊರಿನವರು ಬೇಕು ಅನ್ನೋದು" ಎಂದರು. ಈ ಹೊಗಳಿಕೆ ನನ್ನ ತಲೆಗೆ ಏರಿತು.

ಅವರ ಸೂಚನೆಗಳಲ್ಲಿ ಒಂದು, ಪ್ರತಿಯೊಬ್ಬರಿಗೂ ಗೆಜೆಟ್ಟಿನ ಹೆಸರು ಬದಲಾವಣೆಯ ಪ್ರಕಟಣೆ ನೋಡಬೇಕು ಎಂಬುದಾಗಿತ್ತು. ಆ ಹಳೆಯ ಸಂಪುಟಗಳು ಬೆಳಗಾವಿಯಲ್ಲಿದ್ದವು. ದಪ್ಪ ದಪ್ಪ ಕಟ್ಟು, ಸಣ್ಣ ಅಚ್ಚು, ಧೂಳು. ಎರಡು ದಿನ ಕೂತು ನೋಡಿದೆ. ನೋಡಿದ್ದು ಹೆಂಗಸರ ಹೆಸರುಗಳನ್ನು ಮಾತ್ರ. ಗಂಡಸರ ಹೆಸರು ಏಕೆ ಬದಲಾಗುತ್ತದೆ? 'ಪರಿಶೀಲಿಸಲಾಗಿದೆ' ಎಂಬ ಕಾಲಂನಲ್ಲಿ ಗಂಡಸರಿಗೆಲ್ಲ ಸಾಲಾಗಿ ಟಿಕ್ ಹಾಕಿಬಿಟ್ಟೆ. ನಮ್ಮ ಭಾಗದ ರೀತಿ ರಿವಾಜು ಬಲ್ಲೆ ಎಂಬ ಸೊಕ್ಕಿನಲ್ಲೇ ಆ ಟಿಕ್ ಹಾಕಿದ್ದು.

ಶೇಡಬಾಳಕ್ಕೆ ಹೋದದ್ದು ಆ ಮಳೆಗಾಲ ಮುಗಿದ ಮೇಲೆ. ಅಲ್ಲಿ ಒಬ್ಬ ನಿವೃತ್ತ ಅಧಿಕಾರಿ ಇದ್ದರು. ಎಪ್ಪತ್ತು ಸಮೀಪಿಸಿದ ವಯಸ್ಸು, ಜೈನ ಮನೆತನ, ಊರ ಹೊರಗೆ ದ್ರಾಕ್ಷಿ ತೋಟ. ಕೌಲಾಲಂಪುರ, ಪ್ರಾಗ್, ಮಸ್ಕತ್ ಎಂದು ಮೂರು ನೇಮಕಗಳು ಅವರ ಹೆಸರಿನಲ್ಲಿದ್ದವು. ಪಡಸಾಲೆಯಲ್ಲಿ ಅವರ ತಾಯಿ ಹೊರಸಿನ ಮೇಲೆ ಕೂತಿದ್ದರು. ತೊಂಬತ್ತು ದಾಟಿದವರು, ಕಣ್ಣು ಮಂಜು, ಆದರೆ ಕಿವಿ ಚುರುಕು.

"ಯಾರ ಬಂದಾರೋ?" ಎಂದರು ತಾಯಿ.

"ಚಿಕ್ಕೋಡಿ ಕಾಲೇಜಿನ ಲಾಯಬ್ರರಿ ಮಾಸ್ತರಬೇ. ನನ್ನ ನೌಕರಿ ಸುದ್ದಿ ಬರಕೊಳ್ಳಾಕ ಬಂದಾರ."

"ಬರಕೋಲಿ. ಹೊತ್ತ ಮುಣಗೂದ್ರಾಗ ಊಟಕ್ಕ ಎಬ್ಬಸ ಅವರ್ನ, ಹಂಗ ಕಳಸಬ್ಯಾಡ."

ಅಧಿಕಾರಿಗಳು ದಿನಾಂಕಗಳನ್ನು ನೋಡಿಕೊಳ್ಳದೆ ಹೇಳಿದರು. ಕಾಗದಗಳನ್ನೂ ತೋರಿಸಿದರು. ಎಲ್ಲ ಸರಿಯಾಗಿತ್ತು, ಒಂದನ್ನು ಬಿಟ್ಟು. ಮೊದಲನೆಯ ನೇಮಕದಲ್ಲೇ ಅವರು ಮೇಲಿನ ದರ್ಜೆಯಲ್ಲಿದ್ದರು. ಕೆಳಗಿನ ದರ್ಜೆಯಲ್ಲಿ ಎಲ್ಲೋ ಕೆಲಸ ಮಾಡದೆ ಯಾರೂ ನೇರವಾಗಿ ಅಲ್ಲಿಗೆ ಹೋಗುವುದಿಲ್ಲ. "ಇದಕ್ಕೂ ಮೊದಲ ಎಲ್ಲಿದ್ರಿ, ಸರ?" ಎಂದು ಕೇಳಿದೆ. ಅವರು ಒಮ್ಮೆ ಹೊರಸಿನ ಕಡೆ ನೋಡಿದರು.

"ಕೌಲಾಲಂಪುರದಿಂದ ಬರಕೋರಿ ಮಾಸ್ತರ. ಅಲ್ಲಿಂದ ಸಾಕ."

ಬರೆದುಕೊಂಡೆ. ಜೈನರ ಮನೆಯ ಪದ್ಧತಿಯಂತೆ ಹೊತ್ತು ಮುಳುಗುವ ಮೊದಲೇ ಊಟಕ್ಕೆ ಎಬ್ಬಿಸಿದರು. ಜೋಳದ ರೊಟ್ಟಿ, ಕಡಲೆಬೇಳೆ ಪಲ್ಯ, ಮೇಲೆ ಮೊಸರು. ತೃಪ್ತಿಯಾಗಿ ಉಂಡು ಬಂದೆ. ಆ ದರ್ಜೆಯ ಅನುಮಾನವನ್ನು ಶೀಟಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದೆ. ಕಂಪ್ಯೂಟರಿಗೆ ಏರಿಸುವಾಗ ಅದನ್ನು ಬಿಟ್ಟೆ. ಅದಕ್ಕೊಂದು ಕಾಲಂ ಇರಲಿಲ್ಲ.

ವರ್ಷದ ಕೊನೆಗೆ ನನ್ನ ಶೀಟಿನಲ್ಲಿ ಮೂರು ಒಂಬತ್ತು ಉಳಿದಿದ್ದವು. ಮೇಡಂ, "ಒಂಬತ್ತು ಉಳಿದರೆ ನಿಮ್ಮ ಭಾಗವನ್ನ ಪುಸ್ತಕದ ನಕ್ಷೆಯಿಂದ ಬಿಡಬೇಕಾಗುತ್ತೆ, ನೋಡಿ" ಎಂದು ಎಚ್ಚರಿಸಿದರು. ರಾಯಬಾಗದ ಕಾವಲುಗಾರನ ಮರಣದ ಕಾಗದ ಸಿಕ್ಕಿತು. ಅಥಣಿಯ ಅಡುಗೆಯವನು ನಿವೃತ್ತನಾದದ್ದನ್ನು ಮಗಳು ಹೇಳಿದಳು. ಉಳಿದವನು ಸದಲಗಾದ ಗುಮಾಸ್ತ ಒಬ್ಬನೇ. ರಂಗೂನ್, ನೈರೋಬಿ, ಅಡಿಸ್ ಅಬಾಬಾ. ಅಲ್ಲಿಗೆ ಬಂದ ದಿನಾಂಕ ಇತ್ತು, ಬಿಟ್ಟ ದಿನಾಂಕ ಇರಲಿಲ್ಲ. ಮುಂದಿನ ಯಾವ ಪಟ್ಟಿಯಲ್ಲೂ ಆ ಹೆಸರಿರಲಿಲ್ಲ.

ಸದಲಗಾದಲ್ಲಿ ಆ ಮನೆ ಸಿಗುವುದು ಕಷ್ಟವಾಗಲಿಲ್ಲ. ಡೇರಿಯ ಹಿಂದಿನ ಓಣಿ. ಗುಮಾಸ್ತನ ತಂಗಿ ಇದ್ದರು, ಅರವತ್ತು ದಾಟಿದ ಹೆಂಗಸು. ಒಳಗೆ ಕೂರಿಸಿ ಚಹಾ ಕೊಟ್ಟರು. ಅಣ್ಣನ ಹೆಸರು ಹೇಳಿದೆ.

"ಈ ಮನ್ಯಾಗ ಇದ್ರೇನ್ರಿ ಅಕ್ಕಾರ?"

"ಮೊದಲ ಇದ್ದಾರಿ."

"ಈಗ ಎಲ್ಲಿ ಅದಾರ್ರಿ?"

ಆಕೆ ಸೆರಗಿನ ಅಂಚು ಬೆರಳಿಗೆ ಸುತ್ತಿಕೊಂಡರು. ನಾನು ಮತ್ತೆ ಕೇಳಿದೆ.

"ಅದನ್ನ ನಾವ ಹೇಳಬಾರದರಿ, ಮಾಸ್ತರ. ಕೇಳಬ್ಯಾಡ್ರಿ."

"ಸರಕಾರದ ಕೆಲಸ ಬಿಟ್ಟ ಹೋದ್ರೇನ್ರಿ?"

ಅದಕ್ಕೆ ಆಕೆ ಏನೂ ಹೇಳಲಿಲ್ಲ. ಎದ್ದು ಖಾಲಿ ಕಪ್ಪು ತೆಗೆದುಕೊಂಡು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ನಾನು ಎದ್ದು ಬಂದೆ. ಇದು ಮನೆತನದ ಮಾನದ ಪ್ರಶ್ನೆ, ಅಣ್ಣ ಅಲ್ಲೆಲ್ಲೋ ಓಡಿಹೋಗಿದ್ದಾನೆ, ಇವರು ಮುಚ್ಚಿಡುತ್ತಿದ್ದಾರೆ ಎಂದು ಬೈಕು ಒದೆಯುವಷ್ಟರಲ್ಲಿ ತೀರ್ಮಾನ ಮಾಡಿಯಾಗಿತ್ತು. ಡೇರಿಯ ಕಟ್ಟೆಯ ಮೇಲೆ ನಾಲ್ಕು ಜನ ಮುದುಕರು ಕೂತಿದ್ದರು. ಅವರಲ್ಲಿ ಯಾರನ್ನು ಕೇಳಿದ್ದರೂ ಎರಡು ಮಾತಿನಲ್ಲಿ ಹೇಳುತ್ತಿದ್ದರು. ನಾನು ಕೇಳಲಿಲ್ಲ. ಮನೆಯವರನ್ನು ಮಾತ್ರ ಕೇಳಬೇಕು, ಹಾದಿಬೀದಿಯ ಮಾತು ಆಧಾರವಾಗುವುದಿಲ್ಲ ಎಂದು ಮೇಡಂ ಹಾಕಿದ ನಿಯಮವೂ ಇತ್ತು. ಬೇಡವಾದಲ್ಲಿ ನಿಯಮ ಹಿಡಿದೆ, ಬೇಕಾದಲ್ಲಿ ಬಿಟ್ಟೆ.

ಶೀಟು ಕಳಿಸುವ ಕೊನೆಯ ದಿನ ಆ ಸಾಲಿನ ಮುಂದೆ ಬಹಳ ಹೊತ್ತು ಕೂತೆ. ಒಂಬತ್ತು ಎಂದು ಬಿಟ್ಟಿದ್ದರೆ ಅದು ಪ್ರಾಮಾಣಿಕವಾಗಿರುತ್ತಿತ್ತು. ನನಗೆ ಗೊತ್ತಿಲ್ಲ ಎಂದು ಅದರ ಅರ್ಥ, ನಿಜಕ್ಕೂ ನನಗೆ ಗೊತ್ತಿರಲಿಲ್ಲ. ಆದರೆ ಒಂದೂ ಒಂಬತ್ತಿಲ್ಲದ ಶೀಟು ಕಳಿಸಬೇಕು, ಮೇಡಂ ಮತ್ತೊಮ್ಮೆ ಹೊಗಳಬೇಕು ಎಂಬ ಆಸೆ. ನಾಲ್ಕು ಒತ್ತಿದೆ. ಆಧಾರದ ಕಾಲಂನಲ್ಲಿ 'ಕುಟುಂಬದ ಹೇಳಿಕೆ' ಎಂದು ಬರೆದೆ. ಆ ಹೆಂಗಸು ಏನೂ ಹೇಳಿರಲಿಲ್ಲ. ಆಕೆ ಹೇಳದ್ದನ್ನು ನಾನು ಹೇಳಿಕೆ ಮಾಡಿದೆ.

ಅಲ್ಲಿಗೇ ನಿಂತಿದ್ದರೆ ಆ ನಾಲ್ಕು ಸಾವಿರಾರು ಸಾಲುಗಳ ನಡುವೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲವೇನೋ. ನಿಲ್ಲಿಸಲಿಲ್ಲ. ಮೇಡಂ ಅದನ್ನೆಲ್ಲ ಅಂತರ್ಜಾಲಕ್ಕೆ ಏರಿಸಿದ ಮೇಲೆ, ನಮ್ಮ ಭಾಗದ ಶೀಟನ್ನು ನಾನೇ ಪರಿಚಯದ ಒಂದು ವಾರಪತ್ರಿಕೆಗೆ ಕೊಟ್ಟೆ. ನನ್ನ ಫೋಟೋ ಹಾಕುತ್ತೇವೆ ಎಂದಿದ್ದರು, ಹಾಕಿದರು. ಪರದೇಶದಲ್ಲಿ ದುಡಿದ ನಮ್ಮ ಗಡಿಭಾಗದವರು ಎಂದು ಇಡೀ ಪುಟ. ಅಂಕಿಗಳನ್ನೆಲ್ಲ ಓದುಗರಿಗಾಗಿ ಅವರು ಮಾತು ಮಾಡಿದ್ದರು. ಸದಲಗಾದವನ ಹೆಸರಿನ ಮುಂದೆ 'ಅಡಿಸ್ ಅಬಾಬಾದಿಂದ ಪರಾರಿ' ಎಂದಿತ್ತು. ಓದಿ ಸ್ವಲ್ಪ ಹೆಚ್ಚಾಯಿತೇನೋ ಅನ್ನಿಸಿತು. ಆದರೂ ಹತ್ತು ಪ್ರತಿ ಕೊಂಡು ತಂದು ಕಾಲೇಜಿನಲ್ಲಿ ಹಂಚಿದೆ.

ಎರಡು ವಾರದ ನಂತರ ಒಂದು ಮಧ್ಯಾಹ್ನ ಶೇಡಬಾಳದ ಅಧಿಕಾರಿಗಳು ಗ್ರಂಥಾಲಯದ ಬಾಗಿಲಲ್ಲಿ ನಿಂತಿದ್ದರು. ಎರಡು ಬಸ್ಸು ಬದಲಿಸಿ ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ದಾರ ಕಟ್ಟಿದ ಫೈಲು. ನಾನು ಎದ್ದು ಕುರ್ಚಿ ಕೊಟ್ಟೆ. ಪತ್ರಿಕೆ ನೋಡಿ ಖುಷಿಪಟ್ಟು ಬಂದಿದ್ದಾರೆ ಎಂದುಕೊಂಡಿದ್ದೆ.

ಅವರು ಪತ್ರಿಕೆಯನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಆ ಸಾಲಿನ ಮೇಲೆ ಬೆರಳಿಟ್ಟರು.

"ಮಾಸ್ತರ, ಈ ಪರಾರಿ ಆದಾಂವ ನಾನರಿ."

ನನಗೆ ಕೂಡಲೇ ತಿಳಿಯಲಿಲ್ಲ. ಅವರು ಫೈಲಿನ ದಾರ ಬಿಚ್ಚಿ ಕಾಗದಗಳನ್ನು ಒಂದೊಂದಾಗಿ ಇಟ್ಟರು. ಮೊದಲು ದತ್ತಕ ಪತ್ರ. ಆಮೇಲೆ ಹೆಸರು ಬದಲಾವಣೆಯ ಗೆಜೆಟ್ ಪುಟ. ಆಮೇಲೆ ಇಲಾಖೆಯ ಆದೇಶ. ಹಳೆಯ ಹೆಸರಿನವರು ಇನ್ನು ಮುಂದೆ ಹೊಸ ಹೆಸರಿನಿಂದ ಕರೆಯಲ್ಪಡುತ್ತಾರೆ ಎಂದು ಅದರಲ್ಲಿತ್ತು. ಅವರು ಹುಟ್ಟಿದ್ದು ಸದಲಗಾದಲ್ಲಿ. ಅಡಿಸ್ ಅಬಾಬಾದಿಂದ ರಜೆಯ ಮೇಲೆ ಊರಿಗೆ ಬಂದಾಗ ಅವರಿಗೆ ಮೂವತ್ತು. ಶೇಡಬಾಳದ ದೂರದ ಸಂಬಂಧಿಕರ ಒಬ್ಬನೇ ಮಗ ಆಗಷ್ಟೇ ತೀರಿಕೊಂಡಿದ್ದ. ಜೈನರಲ್ಲಿ ವಯಸ್ಸಿಗೆ ಬಂದ ಗಂಡಸನ್ನೂ ದತ್ತಕ ತೆಗೆದುಕೊಳ್ಳುವ ರೂಢಿ ಇದೆ. ಹೆಸರು, ತಂದೆಯ ಹೆಸರು, ಅಡ್ಡಹೆಸರು, ಊರು ಎಲ್ಲ ಆ ದಿನವೇ ಬದಲಾಗುತ್ತದೆ. ರಜೆ ಮುಗಿಸಿ ದಿಲ್ಲಿಯ ಕಚೇರಿಗೆ ಹಾಜರಾದದ್ದು ಹೊಸ ಹೆಸರಿನ ಮನುಷ್ಯ. ಎರಡು ವರ್ಷದ ನಂತರ ಬಡ್ತಿ ಸಿಕ್ಕಿ ಕೌಲಾಲಂಪುರ.

ಅಂಥ ದತ್ತಕದ ಊಟಕ್ಕೆ ನಾನೇ ಎರಡು ಸಲ ಹೋಗಿದ್ದೇನೆ. ಸಕ್ಕರೆ ಹಂಚುವಾಗ ಹೊಸ ಹೆಸರನ್ನು ಕೂಗಿ ಹೇಳಿದ್ದನ್ನು ಈ ಕಿವಿಯಿಂದಲೇ ಕೇಳಿದ್ದೇನೆ. ಹೆಂಗಸರಿಗೆ ಹೊಳೆದ ಜಾಣತನ ಗಂಡಸಿನ ವಿಷಯಕ್ಕೆ ಹೊಳೆಯಲೇ ಇಲ್ಲ. ಆ ಗೆಜೆಟ್ ಪುಟ ನಾನು ಬೆಳಗಾವಿಯಲ್ಲಿ ಎರಡು ದಿನ ತಿರುವಿ ಹಾಕಿದ ಸಂಪುಟಗಳಲ್ಲೇ ಇತ್ತು.

"ನಿಮ್ಮ ತಂಗಿಯಾರನ ಕೇಳಿದ್ದೆರಿ ಸರ. ಅವರ ಏನೂ ಹೇಳಲಿಲ್ಲ," ಎಂದೆ.

"ಹೆಂಗ ಹೇಳತಾಳ್ರಿ? ನನ್ನ ಕೊಡೂ ಮುಂದ ನಮ್ಮಪ್ಪ ಮಾತ ಕೊಟ್ಟಿದ್ದ. ಇನ್ನ ಮ್ಯಾಲೆ ಇಂವಾ ನಮ್ಮ ಹುಡುಗ ಅಂತ ಯಾರ ಮುಂದೂ ಅನ್ನೂದಿಲ್ಲಂತ. ಅಪ್ಪ ಹೋದ. ಅಕಿ ಇನ್ನೂ ನಡಿಸ್ಯಾಳ." ಪತ್ರಿಕೆಯನ್ನು ಮಡಚುತ್ತ ಮುಂದುವರಿಸಿದರು. "ಊರಾಗ ಎಲ್ಲಾರಿಗೂ ಗೊತ್ತೈತ್ರಿ ಇದು ಯಾರಂತ. ಈಗ ಏನ ಅನ್ನಾಕತ್ತಾರ ಗೊತ್ತೇನ? ಅಲ್ಲೆ ಏನೋ ಮಾಡಿ ಓಡಿ ಬಂದಾನ, ಹೆಸರ ಮುಚ್ಚಾಕ ದತ್ತಕ ಹೋಗ್ಯಾನಂತ. ನನ್ನ ತಂಗಿ ಬಸದಿಗೆ ಹೋಗೂದ ಬಿಟ್ಟಾಳ. ನಮ್ಮವ್ವನ ಕಿವಿಗೆ ಇನ್ನೂ ಬಿದ್ದಿಲ್ಲ. ಪೇಪರ ಓದಿ ಹೇಳೂ ಹುಡುಗಿಗೆ ಆ ಪುಟ ತೆಗದ ಇಡಂತ ಹೇಳೇನಿ."

ಅವರು ಸಿಟ್ಟಾಗಿದ್ದರೆ ನನಗೆ ಹಗುರಾಗುತ್ತಿತ್ತು. ಅವರು ಸಿಟ್ಟಾಗಲಿಲ್ಲ. ಒಂದು ಅರ್ಜಿ ಕೊಡುವವರ ಹಾಗೆ ಕೇಳಿದರು. ಎರಡು ಹೆಸರನ್ನು ಕೂಡಿಸುವುದು ಬೇಡ. ಕೂಡಿಸಿದರೆ ಹುಟ್ಟಿದ ತಂದೆಯ ಹೆಸರು, ಸದಲಗಾ ಎಲ್ಲ ಅಚ್ಚಾಗುತ್ತದೆ. ನಲವತ್ತು ವರ್ಷ ಅವ್ವನ ಮುಂದೆ ಆ ಹೆಸರು ತೆಗೆದಿಲ್ಲ, ಇನ್ನೊಬ್ಬರ ಮಗ ಎಂದು ಆಕೆಗೆ ಒಂದು ಕ್ಷಣವೂ ಅನ್ನಿಸಬಾರದು. ನಾಲ್ಕನ್ನು ಮಾತ್ರ ತೆಗೆದು ಗೊತ್ತಿಲ್ಲ ಎಂದು ಮಾಡಿದರೆ ಸಾಕು. ಊರವರಿಗೆ ಅದನ್ನು ತೋರಿಸಿ ಬಾಯಿ ಮುಚ್ಚಿಸಬಹುದು.

ಮೇಡಂಗೆ ಫೋನು ಹಚ್ಚಿದೆ. ನನ್ನ ಮಾತು ಆ ಹಿರಿಯರಿಗೆ ಕೇಳಿಸಬಾರದಿತ್ತು. ಫೋನು ಹಿಡಿದು ಹಿಂದಿನ ಕಪಾಟುಗಳ ಸಂದಿಗೆ ಹೋದೆ. ದತ್ತಕದ ಸುದ್ದಿ ಹೇಳದೆ, ಆ ನಾಲ್ಕು ತಪ್ಪಾಗಿರಬಹುದು, ಒಂಬತ್ತು ಮಾಡಬಹುದೇ ಎಂದಷ್ಟೇ ಕೇಳಿದೆ.

"ಆಧಾರದಲ್ಲಿ ಕುಟುಂಬದ ಹೇಳಿಕೆ ಅಂತಿದೆ," ಎಂದರು ಮೇಡಂ. "ಅಂಥ ಹೇಳಿಕೆ ಇರಲಿಲ್ಲ, ತಪ್ಪಾಗಿ ಬರೆದೆ ಅಂತ ನೀವು ಎರಡು ಸಾಲು ಬರೆದು ಕಳಿಸಿ, ಇವತ್ತೇ ಬದಲಾಯಿಸ್ತೀನಿ. ಅದಲ್ಲ ಅಂದ್ರೆ ಹೊಸ ದಾಖಲೆ ಬೇಕು. ಯಾಕೆ, ಅವರು ಹೇಳಿದ್ದು ನಿಜ ತಾನೇ?"

ಎರಡು ಸಾಲು. ಅಷ್ಟೇ ಕೇಳಿದ್ದರು. ಒಂದು ಆಧಾರ ಸುಳ್ಳು ಎಂದು ಒಪ್ಪಿಕೊಂಡರೆ ಉಳಿದವನ್ನೂ ಸಂಶಯದಿಂದ ನೋಡುತ್ತಾರೆ. ಪುಸ್ತಕವಾಗಿ ಬರುವಾಗ ಸಹಾಯಕರ ಪಟ್ಟಿಯಲ್ಲಿ ನನ್ನ ಹೆಸರು ಇರುತ್ತದೆಂದು ಹೇಳಿದ್ದರು, ಅದು ಹೋಗುತ್ತದೆ. ಕಾಲೇಜಿನಲ್ಲಿ ಹಂಚಿದ ಹತ್ತು ಪ್ರತಿಗಳು ನೆನಪಾದವು. "ಹೌದ್ರಿ ಮೇಡಂ, ಹೇಳಿದ್ರು," ಎಂದು ಫೋನು ಇಟ್ಟೆ.

ಹೊರಗೆ ಬಂದು ಆ ಹಿರಿಯರ ಎದುರು ಕೂತು ಹೇಳಿದೆ. "ದಾಖಲೆ ಕೊಟ್ಟ ಎರಡೂ ಹೆಸರ ಕೂಡಸೂದ ಒಂದ ದಾರಿ ಅಂತರಿ ಸರ. ಬ್ಯಾರೆ ಇಲ್ಲಂತ. ನಿಯಮ ಹಂಗೈತಂತ."

ಅವರು ತಲೆಯಾಡಿಸಿದರು. ಕಾಗದಗಳನ್ನು ಅದೇ ಕ್ರಮದಲ್ಲಿ ಜೋಡಿಸಿ ದಾರ ಕಟ್ಟಿದರು.

"ನಿಯಮ ಅಂದ ಮ್ಯಾಲೆ ನಿಮ್ಮದೇನ ತಪ್ಪ ಐತ್ರಿ? ನಾನೂ ನೌಕರಿ ಇರೂತನಕ ಅದನ್ನ ನಡಿಸೇನಿ. ನಮ್ಮವ್ವ ಇರೂತನಕ ಹಂಗ ಇರಲಿ ಬಿಡ್ರಿ."

ಬಸ್ ನಿಲ್ದಾಣದ ತನಕ ಅವರನ್ನು ಬೈಕಿನ ಮೇಲೆ ಬಿಟ್ಟು ಬಂದೆ. ಇಳಿಯುವಾಗ ನನ್ನ ಹೆಗಲು ಮುಟ್ಟಿ, ದ್ರಾಕ್ಷಿ ಹಂಗಾಮಿಗೆ ಮನೆಗೆ ಬರ್ರಿ ಎಂದರು. ನನಗೆ ನಾಚಿಕೆಯಾಯಿತು ಎಂದು ಬರೆದರೆ ಅದು ಅರ್ಧ ನಿಜ. ಅವತ್ತು ಹೆಚ್ಚಾಗಿ ಅನ್ನಿಸಿದ್ದು ಪಾರಾದೆ ಎಂಬ ಸಮಾಧಾನ. ಈಗ ನೆನೆದರೆ ನಾಚಿಕೆಯಾಗುವುದು ಆ ಸಮಾಧಾನಕ್ಕೇ.

ಹಂಗಾಮು ಬಂತು, ಹೋಯಿತು. ನಾನು ಶೇಡಬಾಳದ ಕಡೆ ತಲೆ ಹಾಕಲಿಲ್ಲ. ತೊಂಬತ್ತು ದಾಟಿದ ತಾಯಿ ಇನ್ನೆಷ್ಟು ದಿನ, ಆಮೇಲೆ ಎಲ್ಲ ಸರಿ ಮಾಡಿದರಾಯಿತು ಎಂದು ಲೆಕ್ಕ ಹಾಕಿದ್ದೆ. ಒಬ್ಬ ಮುದುಕಿ ಸಾಯಲಿ ಎಂದು ಕಾಯುವ ಮಟ್ಟಕ್ಕೆ ಇಳಿದಿದ್ದೆ. ಮುಂದಿನ ಚಳಿಗಾಲದಲ್ಲಿ ಸತ್ತದ್ದು ಮಗ. ತೋಟದಿಂದ ಬಂದು ನೀರು ಕುಡಿದು ಕೂತವರು ಏಳಲಿಲ್ಲವಂತೆ. ನನಗೆ ಗೊತ್ತಾಗುವಷ್ಟರಲ್ಲಿ ಹದಿನೈದು ದಿನ ಕಳೆದಿತ್ತು.

ಹೋದೆ. ಹೋಗದೆ ಇರಲು ಆಗಲಿಲ್ಲ. ಪಡಸಾಲೆಯ ಹೊರಸಿನ ಮೇಲೆ ತಾಯಿ ಕೂತಿದ್ದರು. ಪಕ್ಕದಲ್ಲಿ, ಅವರ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡು, ಸದಲಗಾದ ತಂಗಿ. ನನ್ನನ್ನು ನೋಡಿ ಆಕೆ ಮುಖ ತಗ್ಗಿಸಿದರು.

"ಲಾಯಬ್ರರಿ ಮಾಸ್ತರ ಬಂದಾರ್ರಿ ಅವ್ವಾರ," ಎಂದರು.

"ಬರ್ರಿ, ಕುಂಡರ್ರಿ. ಇಕಿನ್ನ ನಾನ ಕರಸೇನಿ," ಎಂದರು ತಾಯಿ. "ಮಾತಾಡಸಾಕ ಬಂದ ಹೆಂಗಸೂರು ಎಲ್ಲಾ ಹೇಳಿದ್ರು. ಪೇಪರದಾಗ ಬಂದದ್ದೂ ಹೇಳಿದ್ರು. ಅಂವಾ ಚಿಕ್ಕೋಡಿಗೆ ಬಂದ ನಿಮ್ಮ ಕೈಕಾಲ ಹಿಡದದ್ದನ್ನ ಇಕಿ ಹೇಳಿದ್ಲು."

ಅವರು ಕೈಕಾಲು ಹಿಡಿದಿರಲಿಲ್ಲ. ನಾನು ಹೊರಸಿನ ಎದುರು ಕೂತೆ.

"ನನ್ನ ಕಿವಿಗೆ ಬೀಳಬಾರದಂತ ಎಲ್ಲಾರೂ ಕೂಡಿ ಮುಚ್ಚಿಟ್ರಿ. ಒಬ್ಬರರೆ ನನ್ನ ಬಂದ ಕೇಳಿದ್ರೇನ? ದತ್ತಕದಾಗ ನನ್ನ ತೊಡಿ ಮ್ಯಾಲೆ ಕುಂತಾಗ ಅವಗ ಮೂವತ್ತ ವರಸರಿ. ಅಷ್ಟ ದೊಡ್ಡಾಂವ ಎಲ್ಲಿಂದ ಬಂದಾನಂತ ನನಗ ಗೊತ್ತಿರಲಿಲ್ಲೇನ? ಸದಲಗಾದ ಹೆಸರ ಬರದ್ರ ಅಂವಾ ನನ್ನ ಮಗ ಆಗೂದ ಬಿಡತಿದ್ನೇನ?"

ಅಲ್ಲೇ ಹೇಳಿದೆ, ಎಲ್ಲವನ್ನೂ. ಕೂಡಿಸದೆಯೂ ಆ ನಾಲ್ಕನ್ನು ತೆಗೆಯಬಹುದಿತ್ತು, ನಾನು ಎರಡು ಸಾಲು ಬರೆದುಕೊಟ್ಟಿದ್ದರೆ ಅವತ್ತೇ ಆಗುತ್ತಿತ್ತು, ನನ್ನ ಹೆಸರಿಗೆ ಹೆದರಿ ನಿಮ್ಮ ಮಗನಿಗೆ ಸುಳ್ಳು ಹೇಳಿ ಕಳಿಸಿದೆ ಎಂದೆ. ಸದಲಗಾದ ತಂಗಿ ಮೊದಲ ಬಾರಿ ನನ್ನ ಮುಖ ನೋಡಿದರು.

"ನಾ ಏನೂ ಹೇಳೇ ಇರಲಿಲ್ಲಲ್ರಿ, ಮಾಸ್ತರ."

"ಹೌದ್ರಿ ಅಕ್ಕಾರ. ನೀವ ಏನೂ ಹೇಳಿರಲಿಲ್ಲ."

ಯಾರೂ ನನ್ನನ್ನು ಬೈಯಲಿಲ್ಲ. ತಾಯಿ, "ಈ ಪಾಪ ನೀವ ನೋಡಕೋರಿ. ಈಗ ಮೊದಲ ಬರೀರಿ," ಎಂದರು. ಚೀಲದಿಂದ ಒಂದು ಖಾಲಿ ಶೀಟು ತೆಗೆದೆ. ಹುಟ್ಟಿದ ಊರು ಸದಲಗಾ ಎಂದು ಅವರೇ ಹೇಳಿದರು. ಹುಟ್ಟಿದ ತಂದೆಯ ಹೆಸರನ್ನು ಪೂರ್ತಿ, ಅಡ್ಡಹೆಸರಿನ ಸಮೇತ ಹೇಳಿದರು. ತಂಗಿ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದರು. ದತ್ತಕದ ತಿಥಿ ಹೇಳಿದರು. ಉಳಿದ ದಿನಾಂಕಗಳನ್ನು ಮಗನ ಆ ದಾರದ ಫೈಲು ನೋಡಿ ತುಂಬಿದೆ. ಬರೆದು ಮುಗಿಸಿದ ಮೇಲೆ, "ಓದ್ರಿ, ಮೊದಲಿನಿಂದ," ಎಂದರು. ಮಗ ತನ್ನ ಮನೆಗೆ ಬರುವ ಮೊದಲು ಎಲ್ಲೆಲ್ಲಿ ಇದ್ದ ಎಂಬುದನ್ನು ಅವರಿಗೆ ಯಾರೂ ಪೂರ್ತಿಯಾಗಿ ಹೇಳಿರಲಿಲ್ಲ.

"ರಂಗೂನ್," ಎಂದು ಓದಿದೆ. "ನೈರೋಬಿ. ಅಡಿಸ್ ಅಬಾಬಾ."

"ಅಲ್ಲೆ ಏನ ಮಾಡತಿದ್ದಾರಿ ನನ್ನ ಮಗಾ? ಏನ ಉಣ್ಣತಿದ್ದ? ಹೊತ್ತ ಮುಣಗೂದ್ರಾಗ ಊಟಾ ಸಿಗತಿತ್ತೇನ?"

ನಾನು ಶೀಟನ್ನು ನೋಡಿದೆ. ಅದರಲ್ಲಿ ದರ್ಜೆ ಇತ್ತು, ಬಂದ ದಿನಾಂಕ ಇತ್ತು, ಬಿಟ್ಟ ದಿನಾಂಕ ಈಗ ಇತ್ತು. ತಂಗಿಯ ಕಡೆ ನೋಡಿದೆ, ಆಕೆಗೂ ಗೊತ್ತಿರಲಿಲ್ಲ. ಆ ಮನುಷ್ಯ ಗ್ರಂಥಾಲಯಕ್ಕೆ ಬಂದ ದಿನ ನನ್ನ ಎದುರು ಒಂದು ತಾಸಿಗೂ ಹೆಚ್ಚು ಕೂತಿದ್ದರು. ಪೆಟ್ಟಿಗೆ ಹೊತ್ತವರ ಚರಿತ್ರೆ ಬರೆಯಲು ಹೊರಟವನು, ಅಲ್ಲಿ ಹೇಗಿದ್ದಿರಿ ಎಂದು ಒಂದು ಮಾತು ಕೇಳಿರಲಿಲ್ಲ.

"ನನಗ ಗೊತ್ತಿಲ್ಲರಿ ಆಯಿ," ಎಂದೆ.

ಅವರು ತಲೆಯಾಡಿಸಿದರು. ಊರುಗಳ ಹೆಸರನ್ನು ಇನ್ನೊಮ್ಮೆ ಓದಲು ಹೇಳಿದರು. ನಾನು ಓದಿದೆ.